ಅನ್ನ ದೊರೆತ ಮೇಲೂ ಉಳಿಯುವ ಬಡತನ

ಓದುಗ ಬಂಧುಗಳಲ್ಲಿ ಕೆಲವರಿಗೆ ಈ ಪುಟಗಳಲ್ಲಿ ಗೊಂಬೆಗಳ ಚಲನಚಿತ್ರವೊಂದರ ವಿಮರ್ಶೆಯನ್ನು ಕಂಡು ಆಶ್ಚರ್ಯವಾಗಬಹುದು. ಶಾಸ್ತ್ರ ಸಾಹಿತ್ಯಗಳಿಗೂ ಗ್ರಂಥಾವಲೋಕನಕ್ಕೂ ಮೀಸಲಾದ ಸ್ಥಳದಲ್ಲಿ ಮಕ್ಕಳಾಟಿಕೆಯಂತೆ ತೋರುವ ಈ ವಿಷಯವೇಕೆ ಎಂದು ಅವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ನಮ್ಮ ಉತ್ತರ ಇಷ್ಟೆ. ಮನೆಯಲ್ಲಿ ಎರಡು ಹೊತ್ತಿನ ಊಟಕ್ಕೆ ಗತಿಯಿಲ್ಲದ ಮಕ್ಕಳನ್ನು, ಹೆತ್ತವರ ಆಸರೆ ತಪ್ಪಿದ ಮಕ್ಕಳನ್ನು ಕರೆತಂದು ಅನ್ನವಿಕ್ಕಿ ಅಕ್ಷರ ಕಲಿಸುವ ಕಾರ್ಯಕ್ಕೆ ಕೈಜೋಡಿಸಿದವರು ಈ ಪತ್ರಿಕೆಯ ಓದುಗರಲ್ಲಿ ಬಹುಮಂದಿ ಇದ್ದಾರೆ. ಅಂಥ ಅನ್ನವನ್ನುಂಡು ಬೆಳೆದು ಇಂದು ನಾಲ್ಕು ಜನರ ನಡುವೆ ಗೌರವದಿಂದ ಬಾಳುತ್ತಿರುವವರು ಇನ್ನೂ ಹೆಚ್ಚಾಗಿದ್ದಾರೆ. ಈ ಚಿತ್ರ ಇಬ್ಬರಿಗೂ ಸಂಬಂಧಿಸಿದ್ದು. ನೀಡುವ ಕೈಗೆ ಕಾಣದೆ ಹೋಗುವ, ಪಡೆದ ಕೈ ಬಹುಕಾಲ ಮರೆಯದಿರುವ ಒಂದು ಬಗೆಯ ದಾರಿದ್ರ್ಯವನ್ನು ಅದು ತೋರಿಸುತ್ತದೆ.

ಚಿತ್ರದ ಹೆಸರು ‘ಮಾ ವೀ ದ ಕೂರ್ಜೆತ್’. ಕೂರ್ಜೆತ್ ಎಂದರೆ ಫ್ರೆಂಚರು ಅಡಿಗೆಗೆ ಬಳಸುವ ಎಳೆಯ ಕುಂಬಳದ ಜಾತಿಯ ಒಂದು ಕಾಯಿ. ನಮ್ಮ ಪೇಟೆಗಳಲ್ಲಿ ಈಚೆಗೆ ಝುಕಿನಿ ಎಂದು ಮಾರುತ್ತಾರಲ್ಲ, ಅದೇ. ‘ಕುಂಬಳಕಾಯಿಯಾಗಿ ನನ್ನ ಬಾಳು’ ಎಂದು ತಮಾಷೆಯಾಗಿ ಕನ್ನಡಿಸಬಹುದು. ನಿರ್ದೇಶಕ ಸ್ವಿಟ್ಜರ್ಲೆಂಡಿನ ಕ್ಲೋದ್ ಬರಾಸ್, 1973ರಲ್ಲಿ ಜನಿಸಿದವನು. ಅದುವರೆಗೆ ಹಲವು ಕಿರುಚಿತ್ರಗಳನ್ನಷ್ಟೇ ಮಾಡಿದ್ದ ಅವನ ಮೊದಲನೆಯ ಪೂರ್ಣಪ್ರಮಾಣದ ಚಿತ್ರವಿದು. 2016ರ ಮೇ ತಿಂಗಳಿನಲ್ಲಿ ಕಾನ್ ಚಿತ್ರೋತ್ಸವದ ನಿರ್ದೇಶಕರ ವಿಭಾಗದಲ್ಲಿ ಮೊದಲ ಪ್ರದರ್ಶನ ಕಂಡಿತು. ಅದೇ ವರ್ಷ ಅನಿಮೇಷನ್ ಚಿತ್ರಗಳಿಗೆಂದೇ ನಡೆಯುವ ಆನ್ಸಿ ಉತ್ಸವದಲ್ಲಿ ಅತ್ಯುಚ್ಚ ಪ್ರಶಸ್ತಿಯನ್ನೂ ಪ್ರೇಕ್ಷಕರ ಪ್ರಶಸ್ತಿಯನ್ನೂ ಪಡೆಯಿತು. 2017ರಲ್ಲಿ ಆಸ್ಕರ್ ಸ್ಪರ್ಧೆಗೆ ನಾಮನಿರ್ದೇಶನಗೊಂಡಿತು. ಪ್ರಶಸ್ತಿಗಳ ಮಾತು ಇಷ್ಟಕ್ಕೆ ಸಾಕು. ಕೇವಲ 66 ನಿಮಿಷಗಳ ಈ ಕೃತಿಯನ್ನು ನೋಡಿ ಮುಗಿಸಿದ ಮೇಲೆ ನಾವು ಅದನ್ನು ಕುರಿತು ಆಲೋಚಿಸಿದ ಕಾಲ ಅದಕ್ಕಿಂತ ಬಹಳ ಹೆಚ್ಚು.

ಕಥೆ ಹೀಗಿದೆ. ಇಕಾರ್ ಎಂಬ ಒಂಬತ್ತು ವರ್ಷದ ಬಾಲಕ ಮನೆಯ ಅಟ್ಟದಲ್ಲಿ ಆಡಿಕೊಳ್ಳುತ್ತಿರುತ್ತಾನೆ. ಕೆಳಗೆ ತಾಯಿ, ಕುಡಿತಕ್ಕೆ ದಾಸಳಾದ ಒಂಟಿ ಹೆಂಗಸು. ತಂದೆ ಬಿಟ್ಟು ಹೋಗಿ ಎಷ್ಟೋ ಕಾಲವಾಗಿದೆ. ಕೂರ್ಜೆತ್ ಎಂಬುದು ತಾಯಿ ಮಗನನ್ನು ಕರೆಯುವ ಹೆಸರು. ಆ ಮನೆಯಲ್ಲಿ ಆಟಿಕೆಗೇನೂ ಗತಿಯಿಲ್ಲ. ತಾಯಿ ಕುಡಿದೆಸೆದ ಬಿಯರ್ ಡಬ್ಬಿಗಳನ್ನು ಆಯ್ದು ತಂದು ಹುಡುಗ ಗೋಪುರ ಕಟ್ಟುತ್ತಾನೆ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಬಡ ಮಗುವಿನ ಆಟವನ್ನು ತೋರಿಸುವ ಚಿತ್ರಗಳು ಸಾಮಾನ್ಯವಾಗಿ ಅಲ್ಲಿ ಕಣ್ಣೀರನ್ನು ಬೆರೆಸುತ್ತವೆ. ವಾದ್ಯಗಳು ಮೂಲೆಯಿಂದ ನರಳತೊಡಗುತ್ತವೆ. ಬರಾಸ್ ಹಾಗೇನೂ ಮಾಡುವುದಿಲ್ಲ. ಹುಡುಗನ ಗಮನವೆಲ್ಲ ಡಬ್ಬಿಯ ಮೇಲೆ ಡಬ್ಬಿಯನ್ನು ನಿಲ್ಲಿಸುವುದರಲ್ಲಿದೆ, ಚಿತ್ರದ ಗಮನವೂ ಅಲ್ಲಿಯೇ ಇದೆ. ತನ್ನ ಮನೆಯ ಅನರ್ಥಕ್ಕೆ ಕಾರಣವಾದ ವಸ್ತುವಿನಿಂದಲೇ ಮಗು ಗೋಪುರ ಕಟ್ಟುತ್ತಿದೆಯೆಂಬ ವಿಪರ್ಯಾಸ ಮಗುವಿಗೆ ತಿಳಿಯದು. ತಿಳಿಯಬೇಕಾದ ಅಗತ್ಯವೂ ಇಲ್ಲ. ಅದು ನಮಗೆ ತಿಳಿದರೆ ಸಾಕೆಂದು ನಿರ್ದೇಶಕ ಸುಮ್ಮನಿರುತ್ತಾನೆ.

ಗೋಪುರ ಉರುಳುತ್ತದೆ. ಸದ್ದು ಕೇಳಿದ ತಾಯಿ ಹೊಡೆಯುವುದಾಗಿ ಕೂಗುತ್ತಾ ಏಣಿ ಹತ್ತುತ್ತಾಳೆ. ಹೆದರಿದ ಹುಡುಗ ಅಟ್ಟದ ಬಾಗಿಲನ್ನು ದಢಕ್ಕನೆ ಮುಚ್ಚಿಬಿಡುತ್ತಾನೆ. ಕೆಳಗೆ ಬಿದ್ದ ಸದ್ದು, ಆಮೇಲೆ ಮೌನ. ಮುಂದಿನ ದೃಶ್ಯದಲ್ಲಿ ಅವನು ಪೊಲೀಸ್ ಅಧಿಕಾರಿ ರೇಮೋಂ ಎಂಬವನ ಎದುರು ಕುಳಿತಿದ್ದಾನೆ. ಅಧಿಕಾರಿ ಇಕಾರ್ ಎಂದು ಕರೆದರೆ ಹುಡುಗ ಒಪ್ಪುವುದಿಲ್ಲ. ತಾಯಿ ಇಟ್ಟ ಹೆಸರಿನಿಂದಲೇ ಕರೆಯಬೇಕೆಂದು ಪಟ್ಟುಹಿಡಿಯುತ್ತಾನೆ. ಏಟು ಕೊಟ್ಟ ತಾಯಿಯೇ ಆದರೂ ಅವಳಿಟ್ಟ ಹೆಸರು ಅವನ ಪಾಲಿನ ಏಕಮಾತ್ರ ಆಸ್ತಿ. ಅದಲ್ಲದೆ ಎರಡು ವಸ್ತುಗಳಿವೆ: ಒಂದು ಖಾಲಿ ಬಿಯರ್ ಡಬ್ಬಿ, ಒಂದು ಗಾಳಿಪಟ. ಡಬ್ಬಿ ತಾಯಿಯ ನೆನಪು, ಗಾಳಿಪಟ ತಂದೆಯದು. ಪಟದ ಒಂದು ಬದಿಯಲ್ಲಿ ಮಹಾಶೂರನಂತೆ ತಂದೆಯ ಚಿತ್ರವನ್ನು ಬರೆದಿದ್ದಾನೆ, ಇನ್ನೊಂದು ಬದಿಯಲ್ಲಿ ಒಂದು ಕೋಳಿಯನ್ನು. ಕೋಳಿಯೇಕೆಂದರೆ, ಅವನ ತಂದೆಗೆ ಕೋಳಿಗಳೆಂದರೆ ಬಲು ಇಷ್ಟವೆಂದು ತಾಯಿ ಹೇಳುತ್ತಿದ್ದಳಂತೆ. ಫ್ರೆಂಚ್ ಆಡುಮಾತಿನಲ್ಲಿ ಕೋಳಿಯೆಂಬ ಶಬ್ದಕ್ಕೆ ಪರಸ್ತ್ರೀಯೆಂಬ ಹಗುರವಾದ ಅರ್ಥವೂ ಇದೆ. ತಾಯಿ ಕಹಿಯಾಗಿ ಆಡಿದ ಮಾತನ್ನು ಮಗ ವಾಚ್ಯಾರ್ಥದಲ್ಲಿ ತೆಗೆದುಕೊಂಡು ಪ್ರೀತಿಯಿಂದ ಕೋಳಿಯನ್ನೇ ಬರೆದಿದ್ದಾನೆ! ನಮ್ಮ ಆಲಂಕಾರಿಕರು ಧ್ವನಿಯೆಂದು ಕರೆದುದಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆಯನ್ನು ಈಚಿನ ಚಿತ್ರಗಳಲ್ಲಿ ನಾವು ಕಂಡಿಲ್ಲ. ಒಂದೇ ಕೋಳಿಯ ಚಿತ್ರದಿಂದ ತಂದೆ ಎಂಥವನೆಂದು, ತಾಯಿ ಏಕೆ ಕುಡಿಯುತ್ತಿದ್ದಳೆಂದು, ಮಗನಿಗೆ ಇವೆರಡೂ ಗೊತ್ತಿಲ್ಲವೆಂದು ತಿಳಿದುಬಿಡುತ್ತದೆ.

ಮುಂದೆ ಹುಡುಗನನ್ನು ಫೊಂತೇನ್ ಎಂಬ ಮಕ್ಕಳ ಆಶ್ರಯಧಾಮಕ್ಕೆ ಸೇರಿಸುತ್ತಾರೆ. ಅನಾಥಾಲಯವೆಂದೊಡನೆ ಡಿಕನ್ಸನ ‘ಆಲಿವರ್ ಟ್ವಿಸ್ಟ್’ ಕಾದಂಬರಿಯ ಕಾಲದಿಂದ ನಮ್ಮ ಕಣ್ಣ ಮುಂದೆ ಬರುವುದು ನೀರುಗಂಜಿ, ಬೆತ್ತ, ಕಟುಕ ಮೇಲ್ವಿಚಾರಕ. ಇಲ್ಲಿ ಅವಾವುವೂ ಇಲ್ಲ. ಊಟ ಚೆನ್ನಾಗಿದೆ, ಹಾಸಿಗೆ ಬೆಚ್ಚಗಿದೆ, ಮುಖ್ಯಸ್ಥೆ ಸಜ್ಜನೆ, ರೋಸಿ ಎಂಬ ಪರಿಚಾರಿಕೆಯಂತೂ ಮಲಗುವ ಮುನ್ನ ಮಕ್ಕಳಿಗೆ ಮುತ್ತಿಡುತ್ತಾಳೆ. ಸಿಮೋಂ ಎಂಬ ಕೆಂಗೂದಲಿನ ತುಂಟ ಮೊದಲು ಕೂರ್ಜೆತ್‌ನನ್ನು ಗೋಳುಹೊಯ್ದುಕೊಂಡರೂ ಅನಂತರ ಅವನೇ ಆಪ್ತನಾಗುತ್ತಾನೆ. ಹಾಗಾದರೆ ಈ ಚಿತ್ರದಲ್ಲಿ ಬಡತನವೆಲ್ಲಿದೆ? ಚಿತ್ರದ ಸ್ವಂತಿಕೆಯೆಲ್ಲ ಈ ಪ್ರಶ್ನೆಯಲ್ಲಿಯೇ ಅಡಗಿದೆಯೆಂದು ನಮಗೆ ತೋರುತ್ತದೆ. ಹಸಿದ ಮಗುವನ್ನು ತೋರಿಸಿ ನಮ್ಮನ್ನು ಕರಗಿಸುವುದು ಕಷ್ಟದ ಕೆಲಸವಲ್ಲ. ಹಸಿವು ಹಿಂಗಿದ ಮಗುವನ್ನು ತೋರಿಸಿ, ಇದಿನ್ನೂ ಬಡ ಮಗುವೇ ಎಂದು ಮನಗಾಣಿಸುವುದು ಕಷ್ಟ. ಬರಾಸ್ ಆ ಕಷ್ಟದ ದಾರಿಯನ್ನು ಹಿಡಿದಿದ್ದಾನೆ, ಅದೂ ತನ್ನ ಮೊದಲ ದೀರ್ಘ ಚಿತ್ರದಲ್ಲಿಯೇ.

ಬೆಯಾತ್ರಿಸ್ ಎಂಬ ಪುಟ್ಟ ಹುಡುಗಿಯನ್ನು ನೋಡಿ. ಅವಳ ತಾಯಿಯನ್ನು ಸರಕಾರ ಆಫ್ರಿಕಕ್ಕೆ ಗಡೀಪಾರು ಮಾಡಿದೆ. ಆಶ್ರಯಧಾಮದ ಮುಂದೆ ಯಾವ ಕಾರು ಬಂದು ನಿಂತರೂ ಈ ಮಗು ಅಮ್ಮಾ ಎಂದು ಕೂಗುತ್ತಾ ಬಾಗಿಲಿಗೆ ಓಡುತ್ತದೆ. ಬಂದವರು ಬೇರೆಯವರು. ಮಗು ಹಿಂದಿರುಗುತ್ತದೆ. ಇನ್ನೊಂದು ದಿನ ಇನ್ನೊಂದು ಕಾರು, ಮತ್ತೆ ಓಟ. ನಿರ್ದೇಶಕ ಇದನ್ನು ದೊಡ್ಡದು ಮಾಡುವುದಿಲ್ಲ, ದೃಶ್ಯದ ಒಂದು ಅಂಚಿನಲ್ಲಿ ನಡೆದುಹೋಗಲು ಬಿಡುತ್ತಾನೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು, ಈಗ ನಿವೃತ್ತ ಉಪಾಧ್ಯಾಯರು, ಈ ಚಿತ್ರವನ್ನು ನೋಡಿದ ಮೇಲೆ ಒಂದು ಮಾತು ಹೇಳಿದರು: ಪ್ರಸಾದ ನಿಲಯದಲ್ಲಿ ತಮಗೆ ಊಟಕ್ಕೆ ಎಂದೂ ಕೊರತೆಯಾಗಲಿಲ್ಲವಂತೆ, ಆದರೆ ಭಾನುವಾರ ಮಧ್ಯಾಹ್ನ ಊರ ಕಡೆಯ ಬಸ್ಸು ಬರುವ ಹೊತ್ತಿಗೆ ಹೆಬ್ಬಾಗಿಲ ಕಡೆ ನೋಡುವುದನ್ನು ಅವರು ನಾಲ್ಕು ವರ್ಷ ಬಿಟ್ಟಿರಲಿಲ್ಲವಂತೆ. ಐವತ್ತು ವರ್ಷಗಳ ಹಿಂದಿನ ಈ ಸಂಗತಿಯನ್ನು ಅವರು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಓದುಗರಲ್ಲಿ ಇನ್ನೆಷ್ಟು ಮಂದಿ ಹಾಗೆ ನೋಡಿದ್ದಿರೋ ನಾವು ಬಲ್ಲವರಲ್ಲ.

ಇನ್ನೊಂದು ದೃಶ್ಯ ಹಿಮದ ಬೆಟ್ಟದ್ದು. ಮಕ್ಕಳನ್ನು ಅಲ್ಲಿಗೆ ವಿಹಾರಕ್ಕೆ ಕರೆದೊಯ್ದಿದ್ದಾರೆ. ಯಾರದೋ ಮಗುವೊಂದು ಹಿಮದಲ್ಲಿ ಬಿದ್ದು ಅಳುತ್ತದೆ. ಅದರ ತಾಯಿ ಎತ್ತಿ ಸಂತೈಸುತ್ತಾಳೆ. ಆಶ್ರಯಧಾಮದ ಮಕ್ಕಳೆಲ್ಲ ಆಟ ನಿಲ್ಲಿಸಿ ಸಾಲಾಗಿ ನಿಂತು ಅದನ್ನೇ ನೋಡುತ್ತಾರೆ. ಇಷ್ಟೇ ದೃಶ್ಯ. ಅಳುವ ಮಗುವಿಗಾಗಿ ಯಾರೂ ಮರುಗುವುದಿಲ್ಲ. ಅದರ ಭಾಗ್ಯವನ್ನು ನೋಡಿ ಸ್ತಬ್ಧರಾಗಿದ್ದಾರೆ. ಅಂಗಡಿಯ ಗಾಜಿನ ಹೊರಗೆ ನಿಂತು ಒಳಗಿನ ತಿಂಡಿಯನ್ನು ನೋಡುವ ಬಡ ಮಕ್ಕಳ ಚಿತ್ರವನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಇಲ್ಲಿ ಗಾಜೂ ಇಲ್ಲ ತಿಂಡಿಯೂ ಇಲ್ಲ, ಆದರೂ ನೋಟ ಅದೇ.

ಈಗ ಚಿತ್ರದ ತಯಾರಿಕೆಯ ವಿಷಯಕ್ಕೆ ಬರೋಣ. ಏಕೆಂದರೆ ಅರ್ಥದ ಬಹುಭಾಗ ಅಲ್ಲಿಂದಲೇ ಹುಟ್ಟುತ್ತದೆ. ಗೊಂಬೆಯಾಟವನ್ನು ಬಲ್ಲ ನಮ್ಮ ನಾಡಿನವರಿಗೆ ಸೂತ್ರದ ಗೊಂಬೆಗಳ ಪರಿಚಯವುಂಟು. ಇಲ್ಲಿ ಸೂತ್ರವಿಲ್ಲ. ಗೇಣುದ್ದಕ್ಕಿಂತ ತುಸು ದೊಡ್ಡದಾದ ಗೊಂಬೆಯನ್ನು ಪುಟ್ಟ ರಂಗಸಜ್ಜಿಕೆಯ ಮೇಲೆ ನಿಲ್ಲಿಸಿ ಒಂದು ಛಾಯಾಚಿತ್ರ ತೆಗೆಯುತ್ತಾರೆ. ಕೈಯನ್ನೋ ಕತ್ತನ್ನೋ ಕೂದಲೆಳೆಯಷ್ಟು ಸರಿಸಿ ಇನ್ನೊಂದು ತೆಗೆಯುತ್ತಾರೆ. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. 66 ನಿಮಿಷಗಳಿಗೆ ಲೆಕ್ಕ ಹಾಕಿದರೆ ತೊಂಬತ್ತೈದು ಸಾವಿರವಾಯಿತು. ಒಂದೊಂದು ಭಂಗಿಯನ್ನು ಎರಡೆರಡು ಚಿತ್ರಗಳಷ್ಟು ಹೊತ್ತು ನಿಲ್ಲಿಸುವ ರೂಢಿಯಿದೆ. ಹಾಗೆ ಹಿಡಿದರೂ ಸುಮಾರು ನಲವತ್ತೇಳು ಸಾವಿರ ಬಾರಿ ಗೊಂಬೆಯನ್ನು ಮುಟ್ಟಿ ಸರಿಸಬೇಕು. ನುರಿತ ಕಲಾವಿದನೊಬ್ಬ ದಿನವಿಡೀ ದುಡಿದರೆ ದೊರೆಯುವುದು ಕೆಲವೇ ಸೆಕೆಂಡುಗಳ ಚಲನೆ. ಹೀಗಾಗಿ ಏಕಕಾಲದಲ್ಲಿ ಹಲವು ಸಜ್ಜಿಕೆಗಳ ಮೇಲೆ ಹಲವರು ಕೆಲಸ ಮಾಡಬೇಕಾಗುತ್ತದೆ. ಲಿಯೊಂ ನಗರದ ಬಳಿ ತಿಂಗಳುಗಟ್ಟಲೆ ನಡೆದ ಈ ಕಾರ್ಯವನ್ನು ತಪಸ್ಸೆಂದು ಕರೆದರೆ ಅತಿಶಯೋಕ್ತಿಯಾಗಲಾರದು. ಯಂತ್ರಗಣಕದಿಂದ ಸುಲಭವಾಗಿ ಗೊಂಬೆಗಳನ್ನು ಕುಣಿಸುವ ಈ ಕಾಲದಲ್ಲಿ ಕೈಯಿಂದ ಮುಟ್ಟಿ ಮಾಡಿದ್ದೇ ಈ ಚಿತ್ರದ ಒಂದು ಗುಣ. ಯಾರೂ ಮುಟ್ಟಿ ಮುದ್ದಿಸದ ಮಕ್ಕಳ ಕಥೆ ಇದು. ಆ ಮಕ್ಕಳ ಒಂದೊಂದು ಚಲನೆಯೂ ಮತ್ತೊಬ್ಬರ ಕೈ ಮುಟ್ಟಿದ್ದರಿಂದಲೇ ಆದುದು.

ಗೊಂಬೆಗಳ ರೂಪವೂ ವಿಶೇಷವಾದುದು. ದೇಹಕ್ಕೆ ಮೀರಿದ ದೊಡ್ಡ ತಲೆ, ನೀಳವಾದ ತೋಳು, ಬಣ್ಣದ ವಲಯ ಕಟ್ಟಿದ ಅಗಲವಾದ ಗುಂಡು ಕಣ್ಣುಗಳು. ಕೂರ್ಜೆತ್‌ನಿಗಂತೂ ನೀಲಿ ಕೂದಲು. ಬಾಯಿ ಹುಬ್ಬುಗಳನ್ನು ಬದಲಿಸಿ ಅಂಟಿಸುತ್ತಾರೆ. ಮುಖದಲ್ಲಿ ಇರುವ ರೇಖೆಗಳು ಬಲು ಕಡಿಮೆ. ಆದುದರಿಂದ ನೋಡುವವನು ಆ ಮುಖವನ್ನು ತನ್ನ ಅನುಭವದಿಂದ ತುಂಬಿಕೊಳ್ಳಬೇಕಾಗುತ್ತದೆ. ಭಟ್ಟನಾಯಕನು ರಸವಿಚಾರದಲ್ಲಿ ಸಾಧಾರಣೀಕರಣವೆಂಬ ವ್ಯಾಪಾರವನ್ನು ಹೇಳಿದ್ದಾನೆಂದು ಅಭಿನವಗುಪ್ತನಿಂದ ನಾವು ತಿಳಿಯುತ್ತೇವೆ. ರಂಗದ ಮೇಲಿನ ದುಃಖ ಇಂಥವನದೇ ಎಂಬ ವಿಶೇಷ ಸಂಬಂಧವನ್ನು ಕಳೆದುಕೊಂಡಾಗ ಮಾತ್ರ ಸಹೃದಯನಿಗೆ ರಸವಾಗುತ್ತದೆ. ಇಲ್ಲವಾದರೆ ಅದು ನೆರೆಮನೆಯವರ ದುಃಖದಂತೆ ಕೇವಲ ಕುತೂಹಲಕ್ಕೋ ಸಂಕೋಚಕ್ಕೋ ಕಾರಣವಾದೀತು. ಗೊಂಬೆಯ ಮುಖ ಯಾವ ನಿರ್ದಿಷ್ಟ ಮಗುವಿನದೂ ಅಲ್ಲ. ಅಲ್ಲಿ ಕರುಣರಸಕ್ಕೆ ಅಡ್ಡಿಯಾಗುವಂಥದು ಏನೂ ಉಳಿಯುವುದಿಲ್ಲ.

ಇದರ ಬೆಲೆ ತಿಳಿಯಬೇಕಾದರೆ ನಿಜವಾದ ಮಕ್ಕಳನ್ನಿಟ್ಟು ತೆಗೆದ ಚಿತ್ರಗಳನ್ನು ನೆನೆಯಬೇಕು. ಬಾಲ್ಯದ ಬಡತನವನ್ನೇ ವಸ್ತುವಾಗಿಸಿಕೊಂಡು ತಮ್ಮ ಮೊದಲ ಚಿತ್ರದಿಂದಲೇ ಹೆಸರಾದವರು ನಮ್ಮಲ್ಲಿ ಇಬ್ಬರಿದ್ದಾರೆ. 1955ರಲ್ಲಿ ಸತ್ಯಜಿತ್ ರಾಯ್ ‘ಪಥೇರ್ ಪಾಂಚಾಲಿ’ಯನ್ನು ಹೊರತಂದರು. ಅಪುವಿನ ಪಾತ್ರದ ಬಾಲಕನಿಗೆ ನಟನೆ ಬಾರದು. ಕಾಶಹುಲ್ಲಿನ ಬಯಲಿನಲ್ಲಿ ಅಕ್ಕನನ್ನು ಹುಡುಕುತ್ತಾ ನಡೆಯುವ ಹುಡುಗನ ಸಹಜವಾದ ತಡವರಿಕೆಯನ್ನು ಪಡೆಯಲು ರಾಯ್ ಅವರು ದಾರಿಯಲ್ಲಿ ಕಡ್ಡಿಗಳನ್ನಿರಿಸಿ, ಅಲ್ಲಲ್ಲಿ ಜನರನ್ನು ನಿಲ್ಲಿಸಿ ಕೂಗಿಸಬೇಕಾಯಿತು. ಅದು ನಿರುಪದ್ರವಿಯಾದ ಉಪಾಯ. 1988ರಲ್ಲಿ ಮೀರಾ ನಾಯರ್ ಅವರ ಮೊದಲ ಕಥಾಚಿತ್ರ ‘ಸಲಾಂ ಬಾಂಬೆ’ ಬಂದಿತು. ಬೀದಿಯ ಮಕ್ಕಳಿಗೇ ತರಬೇತಿಯಿತ್ತು ಅವರಿಂದಲೇ ಅಭಿನಯಿಸಿದ್ದರು. ಮುಖ್ಯ ಪಾತ್ರದ ಬಾಲಕ ರಾಷ್ಟ್ರಪ್ರಶಸ್ತಿಯನ್ನು ಪಡೆದ. ಚಿತ್ರ ದೇಶವಿದೇಶಗಳಲ್ಲಿ ಕೀರ್ತಿ ಗಳಿಸಿತು. ಬೀದಿಯ ಮಕ್ಕಳಿಗಾಗಿ ಒಂದು ವಿಶ್ವಸ್ತ ಸಂಸ್ಥೆಯೂ ಅದರಿಂದ ಹುಟ್ಟಿತು. ಇಷ್ಟೆಲ್ಲ ಒಳ್ಳೆಯದಾದ ಬಳಿಕ ಆ ಬಾಲಕ ಬೆಳೆದು ನಮ್ಮ ಬೆಂಗಳೂರಿನಲ್ಲಿಯೇ ಆಟೋರಿಕ್ಷಾ ನಡೆಸಿ ಸಂಸಾರ ಸಾಗಿಸಿದ. ದುಡಿದು ತಿನ್ನುವುದರಲ್ಲಿ ಅಗೌರವವೇನೂ ಇಲ್ಲ. ಕಾಯಕವನ್ನು ನಂಬಿದವರು ಹಾಗೆ ಹೇಳಲಾರರು. ನಮ್ಮ ಪ್ರಶ್ನೆ ಬೇರೆ. ಮಗುವಿನ ನಿಜವಾದ ಬಡತನವನ್ನು ತೆರೆಯ ಮೇಲೆ ಬಳಸಿಕೊಂಡ ಕಲೆ ಆ ಮಗುವಿಗೆ ಎಷ್ಟು ಕಾಲ ಋಣಿಯಾಗಿರಬೇಕು? ಗೊಂಬೆಗೆ ಈ ಪ್ರಶ್ನೆ ಅನ್ವಯಿಸುವುದಿಲ್ಲ. ಬರಾಸನ ಚಿತ್ರದಲ್ಲಿಯೂ ಮಕ್ಕಳ ಧ್ವನಿ ನಿಜವಾದ ಮಕ್ಕಳದೇ, ಅದೂ ವೃತ್ತಿನಟರಲ್ಲದವರದು. ಆದರೆ ಮುಖ ಮಾತ್ರ ಯಾರದೂ ಅಲ್ಲ.

ಇದು ಚಲನಚಿತ್ರಕ್ಕಷ್ಟೇ ಸೀಮಿತವಾದ ವಿಚಾರವಲ್ಲವೆಂದು ನಾವು ಬಲ್ಲೆವು. ಧರ್ಮಕಾರ್ಯಗಳ ವರದಿಗಳಲ್ಲಿ, ದೇಣಿಗೆಯ ವಿನಂತಿಪತ್ರಗಳಲ್ಲಿ ಹರಿದ ಅಂಗಿಯ ಹುಡುಗನ ಭಾವಚಿತ್ರವನ್ನು ಅಚ್ಚು ಹಾಕಿಸುವುದು ಎಲ್ಲ ಕಡೆಯೂ ನಡೆದು ಬಂದಿದೆ. ಸಮಾರಂಭಗಳಲ್ಲಿ ಬಡ ವಿದ್ಯಾರ್ಥಿಗಳನ್ನು ವೇದಿಕೆಗೆ ಕರೆದು ಸಾಲಾಗಿ ನಿಲ್ಲಿಸಿ, ಪುಸ್ತಕದ ಒಂದು ತುದಿಯನ್ನು ದಾನಿಯೂ ಇನ್ನೊಂದು ತುದಿಯನ್ನು ಹುಡುಗನೂ ಹಿಡಿದಿರುವಾಗ ಛಾಯಾಚಿತ್ರ ತೆಗೆಯುವವರೆಗೆ ಬಿಡದಿರುವುದೂ ಉಂಟು. ದಾನಕ್ಕೂ ದಾಸೋಹಕ್ಕೂ ಇರುವ ಭೇದವನ್ನು ಶರಣರು ಹೇಳಿಕೊಟ್ಟ ಮೇಲೂ ಇದು ನಿಂತಿಲ್ಲ. ದಾಸೋಹದಲ್ಲಿ ನೀಡುವವನೇ ದಾಸ. ಪಡೆಯುವವನ ಮುಖವನ್ನು ಊರಿಗೆ ತೋರಿಸುವ ಅಧಿಕಾರ ದಾಸನಿಗೆ ಎಲ್ಲಿಂದ ಬಂದೀತು? ಸ್ವಿಟ್ಜರ್ಲೆಂಡಿನ ಗೊಂಬೆಯಾಟಗಾರನಿಗೆ ಈ ಸಂಕೋಚ ಸಹಜವಾಗಿಯೇ ಇದೆ. ಅವನ ಮಕ್ಕಳಲ್ಲಿ ಒಬ್ಬರೂ ನೋಡುವವನತ್ತ ಕೈಚಾಚುವುದಿಲ್ಲ.

ಇನ್ನು ಮೂಲಕೃತಿಯ ಮಾತು. ಜೀಲ್ ಪಾರಿ ಎಂಬ ಫ್ರೆಂಚ್ ಲೇಖಕ 2002ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ಈ ಕಥೆಯನ್ನು ತೆಗೆದುಕೊಂಡಿದೆ. ಚಿತ್ರಕಥೆಯನ್ನು ಬರೆದವಳು ಸೆಲೀನ್ ಸಿಯಾಮಾ. ತಾನೇ ನಿರ್ದೇಶಕಿ, ಮಕ್ಕಳ ಮನಸ್ಸನ್ನು ಅರಿತವಳೆಂದು 2011ರ ‘ಟಾಂಬಾಯ್’ ಚಿತ್ರದಿಂದಲೇ ಹೆಸರಾದವಳು. ಕಾದಂಬರಿಯಲ್ಲಿ ಹುಡುಗ ತಾಯಿಯ ಸಾವಿಗೆ ಕಾರಣನಾಗುವುದು ಬಂದೂಕಿನಿಂದ. ಆಕಾಶವನ್ನೇ ಕೊಲ್ಲುವೆನೆಂಬ ಬಾಲಬುದ್ಧಿಯಿಂದ ಹಿಡಿದ ಬಂದೂಕು ತಾಯಿಯನ್ನು ಬಲಿ ತೆಗೆದುಕೊಳ್ಳುತ್ತದೆ. ಚಿತ್ರದಲ್ಲಿ ಅದು ಅಟ್ಟದ ಬಾಗಿಲಾಗಿದೆ. ಈ ಬದಲಾವಣೆಯನ್ನು ಕೆಲವರು ಮೃದುಗೊಳಿಸಿದ್ದೆಂದು ಭಾವಿಸಬಹುದು. ನಮಗೆ ಹಾಗೆ ತೋರುವುದಿಲ್ಲ. ಬಂದೂಕು ಹೊರಗಿನಿಂದ ಬಂದ ವಸ್ತು, ಆಕಸ್ಮಿಕ. ಬಾಗಿಲು ಮುಚ್ಚುವುದೋ, ಏಟಿಗೆ ಹೆದರಿದ ಯಾವ ಮಗುವಾದರೂ ಮಾಡುವ ಕೆಲಸ. ಅದನ್ನು ಅಪರಾಧವೆನ್ನಲಾಗದು, ಆದರೂ ಹುಡುಗ ಅದನ್ನು ಹೊತ್ತು ನಡೆಯುತ್ತಾನೆ. ಸಿಯಾಮಾ ಇಲ್ಲಿ ಮೂಲವನ್ನು ಮೀರಿಸಿದ್ದಾಳೆ.

ಚಿತ್ರವನ್ನು ಇಷ್ಟು ಹೊಗಳಿದ ಮೇಲೆ ಅದರ ಕೊರತೆಯನ್ನು ಮುಚ್ಚಿಡುವುದು ವಿಮರ್ಶಕನ ಧರ್ಮವಲ್ಲ. ಸಿಮೋಂ ಹೊಸ ಗೆಳೆಯನಿಗೆ ಒಬ್ಬೊಬ್ಬ ಮಗುವಿನ ಪೂರ್ವವೃತ್ತಾಂತವನ್ನು ಹೇಳುವ ದೃಶ್ಯವೊಂದಿದೆ. ತನ್ನ ತಂದೆತಾಯಿಗಳು ಮಾದಕವಸ್ತುಗಳಿಗೆ ಬಲಿಯಾದವರು; ಅಹ್ಮದನ ತಂದೆ ಮಗನಿಗೆ ನೈಕಿ ಬೂಟು ಕೊಡಿಸಲೆಂದು ಪೆಟ್ರೋಲ್ ಬಂಕ್ ದೋಚಿ ಸೆರೆಮನೆಯಲ್ಲಿದ್ದಾನೆ; ಬೆಯಾತ್ರಿಸಳ ತಾಯಿಯ ಗತಿಯನ್ನು ಆಗಲೇ ಹೇಳಿದೆವು. ಪ್ರತಿಯೊಬ್ಬರಿಗೂ ಒಂದೆರಡು ವಾಕ್ಯ. ಮಕ್ಕಳು ಇಂಥ ವಿಷಯಗಳನ್ನು ಹಾಗೆಯೇ ಹೇಳುತ್ತಾರೆಂಬುದು ನಿಜ. ಆ ಶುಷ್ಕತೆಯೇ ಎದೆಗೆ ನಾಟುತ್ತದೆಂಬುದೂ ನಿಜ. ಆದರೆ ಮಗನ ಬೂಟಿಗಾಗಿ ತಂದೆ ಕಳ್ಳನಾಗುವ ಸಮಾಜ ಎಂಥದು? ಮಗುವಿನಿಂದ ತಾಯಿಯನ್ನು ಕಿತ್ತು ಹಡಗಿಗೋ ವಿಮಾನಕ್ಕೋ ಹತ್ತಿಸುವ ಕಾನೂನು ಎಂಥದು? ಚಿತ್ರ ಈ ಬಾಗಿಲುಗಳನ್ನು ತೆರೆದು ತಕ್ಷಣ ಮುಚ್ಚುತ್ತದೆ. ಪೊಲೀಸನೂ ಸಜ್ಜನ, ನ್ಯಾಯಾಧೀಶನೂ ಸಜ್ಜನ, ಆಶ್ರಯಧಾಮದವರೆಲ್ಲರೂ ಸಜ್ಜನರು. ಹೀಗೆ ಎಲ್ಲರೂ ಒಳ್ಳೆಯವರಾದ ಲೋಕದಲ್ಲಿ ಈ ಮಕ್ಕಳು ಬೀದಿಗೆ ಬಿದ್ದುದು ಯಾರಿಂದ ಎಂಬ ಪ್ರಶ್ನೆಗೆ ಉತ್ತರವಾಗಿ ಚಿತ್ರ ಒಬ್ಬಳನ್ನು ಮಾತ್ರ ಮುಂದೆ ತಳ್ಳುತ್ತದೆ: ಕಮೀಯ್ ಎಂಬ ಹುಡುಗಿಯ ಸೋದರತ್ತೆಯೋ ಚಿಕ್ಕಮ್ಮನೋ ಆದ ಈಡಾ. ತಂದೆ ತಾಯಿಯನ್ನು ಕೊಂದು ತಾನೂ ಸತ್ತುದನ್ನು ಕಂಡ ಈ ಹುಡುಗಿಯನ್ನು ಸರಕಾರದ ಭತ್ಯೆಯ ಆಸೆಗೆ ಸಾಕಿಕೊಳ್ಳಹೊರಟವಳು ಅವಳು. ಅವಳ ನಿಜಸ್ವರೂಪವನ್ನು ಮಕ್ಕಳು ಧ್ವನಿಮುದ್ರಣದಿಂದ ಬಯಲಿಗೆಳೆಯುತ್ತಾರೆ. ನೋಡಲು ಚೆನ್ನಾಗಿದೆ, ಆದರೆ ಚಿತ್ರದ ಉಳಿದ ಭಾಗದ ಸೂಕ್ಷ್ಮತೆ ಈ ಪಾತ್ರಕ್ಕೆ ದೊರೆತಿಲ್ಲ. ಮಕ್ಕಳ ಕಥೆಗಳ ಹಳೆಯ ಮಾಟಗಾತಿ ಇಲ್ಲಿ ಬಟ್ಟೆ ಬದಲಿಸಿ ಬಂದಿದ್ದಾಳೆ.

ಕೊನೆಯ ಭಾಗದ ವಿಷಯದಲ್ಲಿಯೂ ನಮಗೆ ಎರಡು ಮನಸ್ಸಿದೆ. ರೇಮೋಂ ಆಗಾಗ್ಗೆ ಬಂದು ಕೂರ್ಜೆತ್‌ನನ್ನು ಕಾಣುತ್ತಿರುತ್ತಾನೆ. ಕೊನೆಗೆ ಅವನನ್ನೂ ಕಮೀಯ್‌ಳನ್ನೂ ತನ್ನ ಮನೆಗೆ ಕರೆದೊಯ್ಯಲು ಮುಂದಾಗುತ್ತಾನೆ. 1959ರಲ್ಲಿ ತ್ರೂಫೋ ಎಂಬ ಫ್ರೆಂಚ್ ನಿರ್ದೇಶಕ ತನ್ನ ಮೊದಲ ದೀರ್ಘ ಚಿತ್ರದಲ್ಲಿ ಇದೇ ಬಗೆಯ ಅಲಕ್ಷಿತ ಬಾಲಕನನ್ನು ಚಿತ್ರಿಸಿದಾಗ ಅವನಿಗೆ ಯಾವ ಮನೆಯನ್ನೂ ಕೊಡಲಿಲ್ಲ. ತಿದ್ದುಶಾಲೆಯಿಂದ ತಪ್ಪಿಸಿಕೊಂಡು ಓಡಿದ ಹುಡುಗ ಸಮುದ್ರದ ದಂಡೆಯಲ್ಲಿ ನಿಂತು ನಮ್ಮತ್ತ ತಿರುಗುತ್ತಾನೆ, ಚಿತ್ರ ಅಲ್ಲಿಯೇ ನಿಲ್ಲುತ್ತದೆ. ಅದರ ಮುಂದೆ ಬರಾಸನ ಮುಕ್ತಾಯ ಸುಖಾಂತವೆನಿಸುವುದು ಸಹಜ. ಎಳೆಯರೂ ನೋಡಲೆಂದು ಮಾಡಿದ ಚಿತ್ರವಾದ್ದರಿಂದ ಹೀಗೆ ಮಾಡಿರಬಹುದೆಂದು ನಾವು ಮೊದಲು ಎಣಿಸಿದೆವು. ಎರಡನೆಯ ಸಲ ನೋಡಿದಾಗ ನಮ್ಮ ಕಣ್ಣು ಸಿಮೋಂನ ಮೇಲೆ ನಿಂತಿತು. ಗೆಳೆಯ ಹೊರಡುವನೆಂದು ತಿಳಿದು ಅವನು ಮೊದಲು ಸಿಟ್ಟಾಗುತ್ತಾನೆ. ಆಮೇಲೆ ತಾನೇ ಬಂದು ಹೋಗೆಂದು ಒತ್ತಾಯಿಸುತ್ತಾನೆ. ತಮ್ಮ ವಯಸ್ಸಿನ ಮಕ್ಕಳನ್ನು ಯಾರಾದರೂ ದತ್ತು ತೆಗೆದುಕೊಳ್ಳುವುದು ಅಪರೂಪವೆಂಬ ಕಾರಣ ಕೊಡುತ್ತಾನೆ. ಹತ್ತು ವರ್ಷದ ಹುಡುಗ ಪೇಟೆಯ ದರವನ್ನು ಬಲ್ಲ ವ್ಯಾಪಾರಿಯಂತೆ ತಮ್ಮ ಬೆಲೆಯನ್ನು ತಾನೇ ಹೇಳುತ್ತಿದ್ದಾನೆ! ಇಬ್ಬರಿಗೆ ಮನೆ ದೊರೆಯಿತು; ಉಳಿದವರು ಅಲ್ಲಿಯೇ ಇದ್ದಾರೆ. ಸುಖಾಂತವೆಂದವರು ಸಿಮೋಂನನ್ನು ಮರೆತವರೆಂದೇ ನಮ್ಮ ಅಭಿಪ್ರಾಯ.

ಸಂಗೀತ ಸೋಫಿ ಹಂಗರ್ ಎಂಬ ಸ್ವಿಸ್ ಗಾಯಕಿಯದು. ಮಿತವಾಗಿದೆ, ಎಲ್ಲಿಯೂ ಕಣ್ಣೀರಿಗೆ ಅಪ್ಪಣೆ ಕೊಡುವುದಿಲ್ಲ. ಮಕ್ಕಳ ದಿನದಿನದ ಮನಸ್ಥಿತಿಯನ್ನು ಬಿಸಿಲು ಮೋಡ ಮಳೆಗಳ ಗುರುತುಗಳಿಂದ ತೋರಿಸುವ ಹವಾಮಾನದ ಫಲಕವೊಂದು ಆಶ್ರಯಧಾಮದ ಗೋಡೆಯ ಮೇಲಿದೆ. ವಿದ್ಯಾರ್ಥಿ ನಿಲಯಗಳ ಮೇಲ್ವಿಚಾರಕರು ಇದನ್ನು ಗಮನಿಸಬಹುದು. ಹಾಜರಿ ಪುಸ್ತಕ ಹೇಳದ ಸಂಗತಿಯನ್ನು ಅದು ಹೇಳುತ್ತದೆ.

ಕಡೆಯದಾಗಿ ಒಂದು ದೃಶ್ಯವನ್ನು ಹೇಳದೆ ಇರಲಾರೆವು. ರೋಸಿಗೆ ಮಗುವಾಗುತ್ತದೆ. ಮಕ್ಕಳೆಲ್ಲ ಸುತ್ತ ನೆರೆದು ತೊಟ್ಟಿಲಿನ ಕೂಸನ್ನು ನೋಡುತ್ತಾರೆ. ಆಮೇಲೆ ಅವರ ಪ್ರಶ್ನೆಗಳು ಮೊದಲಾಗುತ್ತವೆ. ಕೂಸು ಕುರೂಪಿಯಾದರೆ ಬಿಟ್ಟುಬಿಡುವೆಯಾ? ಬಹಳ ಅತ್ತರೆ? ದಡ್ಡನಾದರೆ? ಹೀಗೆ ಒಬ್ಬೊಬ್ಬರೂ ತಮತಮಗೆ ತೋಚಿದ ಕಾರಣವನ್ನು ಮುಂದಿಡುತ್ತಾರೆ. ತಾವು ಕೈಬಿಡಲ್ಪಟ್ಟುದಕ್ಕೆ ತಮ್ಮಲ್ಲಿಯೇ ಏನೋ ದೋಷವಿದ್ದಿರಬೇಕೆಂದು ಆ ಮಕ್ಕಳು ಎಷ್ಟು ದಿನಗಳಿಂದ ಒಳಗೊಳಗೇ ಹುಡುಕುತ್ತಿದ್ದರೋ, ಆ ದೋಷಗಳ ಪಟ್ಟಿಯೇ ಇದು. ರೋಸಿ ಪ್ರತಿಯೊಂದಕ್ಕೂ ಇಲ್ಲವೆಂದೇ ಉತ್ತರಿಸುತ್ತಾಳೆ. ಅವರು ಕೇಳುವುದನ್ನು ನಿಲ್ಲಿಸುವುದಿಲ್ಲ.

ಚಿತ್ರ ಮೂಲತಃ ಫ್ರೆಂಚ್ ಭಾಷೆಯಲ್ಲಿದೆ. ಇಂಗ್ಲಿಷ್ ಧ್ವನಿಯ ಆವೃತ್ತಿಯೂ ಉಂಟು. ಗೊಂಬೆಗಳಿವೆಯೆಂದು ತೀರ ಎಳೆಯ ಮಕ್ಕಳನ್ನು ಒಂಟಿಯಾಗಿ ಇದರ ಮುಂದೆ ಕೂರಿಸುವುದು ಬೇಡ. ಹತ್ತು ವರ್ಷ ದಾಟಿದವರು ದೊಡ್ಡವರ ಪಕ್ಕದಲ್ಲಿ ಕುಳಿತು ನೋಡಬಹುದು; ನೋಡಿದ ಮೇಲೆ ಅವರು ಏನನ್ನಾದರೂ ಕೇಳಿದರೆ ದೊಡ್ಡವರಿಗೆ ಉತ್ತರಿಸುವಷ್ಟು ಬಿಡುವು ಇರಬೇಕು.